ಸಂಕಟಕ್ಕೆ ಜಾಗ

ನನ್ನ ಅತ್ತಿಗೆ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ಕೂತವಳು. ನನ್ನಣ್ಣ ಸತ್ತದ್ದು ಆ ಕಿಟಕಿಯ ಎದುರಿನ ಬೆಂಚಿನ ಮೇಲೆ. ಅವಳನ್ನು ನಾನು ಇನ್ನೂ ಕ್ಷಮಿಸಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಚೀಟಿಯಲ್ಲಿ ಹೆಸರು, ವಯಸ್ಸು, ನೋವಿನ ಜಾಗ ಬರೆಯಬೇಕು. ಎದೆ ಎಂದವರ ಚೀಟಿ ಕಟ್ಟಿನ ಮೇಲಕ್ಕೆ, ಮಂಡಿ ಎಂದವರದು ನಡುವೆ, ಜಾಗ ಹೇಳಲಾಗದವರದು ಅಡಿಗೆ. ಈ ಪದ್ಧತಿ ಅತ್ತಿಗೆಯದೇ. ನೂಕುನುಗ್ಗಲು ಕಡಿಮೆಯಾಯಿತೆಂದು ದೊಡ್ಡ ಡಾಕ್ಟರು ಹೊಗಳಿದ ಮೇಲಂತೂ ಅವಳನ್ನು ಹಿಡಿಯುವವರಿರಲಿಲ್ಲ. ಯಾರಾದರೂ ಸಂಕಟ ಎಂದರೆ ಸಾಕು, "ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ, ಎಲ್ಲಿ ಅಂತ ಹೇಳಿ" ಎನ್ನುತ್ತಿದ್ದಳು. ಮನೆಗೆ ಬಂದು ಅವರ ಮುಖಗಳನ್ನು ಅಣಕಿಸಿ ತೋರಿಸುತ್ತಿದ್ದಳು. ನಾವೂ ನಕ್ಕಿದ್ದೇವೆ. ಆ ಪಾಪದಲ್ಲಿ ನನಗೂ ಪಾಲಿದೆ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಕಿಟಕಿಗೆ ಬಂದು, ಸಂಕಟ ಸಂಸ್ಕೃತದಿಂದ ಬಂದ ಮಾತು, ಮೊದಲು ಅದಕ್ಕೆ ಇಕ್ಕಟ್ಟಾದ ದಾರಿ ಎಂದು ಅರ್ಥವಿತ್ತು ಎಂದರಂತೆ. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವನು ಎಲ್ಲಿ ಅಂತ ತೋರಿಸಬೇಕಮ್ಮ ಎಂದೂ ಕೇಳಿದರಂತೆ. ಪಾಠ ಮಾಡುವಷ್ಟು ಶಕ್ತಿಯಿದ್ದವರಿಗೆ ಕಾಯುವ ಶಕ್ತಿಯೂ ಇರುತ್ತದೆ ಎಂದು ಅತ್ತಿಗೆ ಅವರ ಚೀಟಿಯನ್ನೂ ಅಡಿಗೇ ಇಟ್ಟಳು.

ಅಣ್ಣ ಬಟ್ಟೆ ಹೊಲಿಯುವವನು. ಒಂದು ಬೆಳಿಗ್ಗೆ ಅರ್ಧ ಹೊಲಿದ ಅಂಗಿಯನ್ನು ಮಿಷಿನ್ನಿನಲ್ಲೇ ಬಿಟ್ಟು ನಡೆದುಕೊಂಡೇ ಆಸ್ಪತ್ರೆಗೆ ಹೋದ. ಹೆಂಡತಿ ಒಳಗಿದ್ದರೂ ಸಾಲಿನಲ್ಲೇ ನಿಂತ. ತನ್ನವರೆಂದು ಯಾರನ್ನೂ ಮುಂದೆ ಬಿಡಬಾರದೆನ್ನುವುದು ಅವಳ ಇನ್ನೊಂದು ನಿಯಮ.

"ಎಲ್ಲಿ?" ಎಂದಳು.

"ಎಲ್ಲಿ ಅಂತ ಹೇಳ್ಲೇ? ಒಟ್ಟಾರೆ ಸಂಕಟ ಕಣೇ." ಕೈಯನ್ನು ಕತ್ತಿನಿಂದ ಹೊಟ್ಟೆಯವರೆಗೆ ಸುಮ್ಮನೆ ಆಡಿಸಿದ.

ಹಿಂದೆ ನಿಂತ ಐವತ್ತು ಜನ ನೋಡುತ್ತಿದ್ದರು. ಅವಳು ಚೀಟಿಯನ್ನು ಅಡಿಗೆ ಇಟ್ಟಳು. ಹನ್ನೊಂದೂವರೆಗೆ ಅವನ ಹೆಸರು ಕೂಗಿದಾಗ ಪಕ್ಕದಲ್ಲಿದ್ದವರು ಅಲುಗಾಡಿಸಿ ನೋಡಿದರು. ಹೃದಯ ನಿಂತಿದೆ ಎಂದರು ಡಾಕ್ಟರು.

ಆಮೇಲೆ ಅವಳು ಕೆಲಸ ಬಿಟ್ಟಳು. ಈಗ ಊಟ ಸೇರುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ. ಕಳೆದ ವಾರ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕ್ಷಮಿಸದಿದ್ದರೂ ಮೈದುನ ಮೈದುನನೇ ತಾನೆ. ಕಿಟಕಿಯಲ್ಲಿ ಹೊಸ ಹುಡುಗಿ ಕೂತಿದ್ದಳು, ಪದ್ಧತಿ ಮಾತ್ರ ಹಳೆಯದೇ. ಎಲ್ಲಿ ನೋವು ಎಂದು ಕೇಳಿದಳು. ಅತ್ತಿಗೆ ಚೀಟಿಗಳ ಕಟ್ಟನ್ನೇ ನೋಡುತ್ತಿದ್ದಳು.

"ಎದೆ ಅಂತ ಬರ್ಕೊಳ್ಳಮ್ಮ" ಎಂದೆ ನಾನು.

ಹುಡುಗಿ ಬರೆದು ಕಟ್ಟಿನ ಮೇಲಿಟ್ಟಳು. ಅತ್ತಿಗೆ ಕಿಟಕಿಯೊಳಗೆ ಕೈ ಹಾಕಿ, ತನ್ನ ಚೀಟಿ ತೆಗೆದು ಎಲ್ಲಕ್ಕಿಂತ ಅಡಿಗೆ ತಳ್ಳಿದಳು. ಹೋಗಿ ಅದೇ ಬೆಂಚಿನ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಕೈ ಮಾತ್ರ ಹಿಡಿಯಲಿಲ್ಲ.