ಬೇಬಿ ಅಕ್ಕನ ಬಿತ್ತಿನ ಭತ್ತ

ಇನ್ನಂಜೆಗೆ ಸೊಸೆಯಾಗಿ ಬಂದ ಮೊದಲ ವಾರವೇ ನನಗೆ ಬೇಬಿ ಅಕ್ಕನ ಮೇಲೆ ಸಿಟ್ಟು ಬಂದಿತ್ತು. ನಾನು ಕಾರ್ಕಳದವಳು. ಬೆಳಿಗ್ಗೆ ಎದ್ದು ಕಡ್ಡಿ ಗೀರಿ ಒಲೆ ಹಚ್ಚುವುದು ನಮ್ಮ ಮನೆಯ ರೂಢಿ. ನಾನು ಕಡ್ಡಿ ಗೀರುವುದಕ್ಕೂ ಪಕ್ಕದ ಮನೆಯ ಬೇಬಿ ಅಕ್ಕ ತೆಂಗಿನ ಸಿಪ್ಪೆಯಲ್ಲಿ ಕೆಂಡ ಹಿಡಿದುಕೊಂಡು ಒಳಗೆ ಬರುವುದಕ್ಕೂ ಸರಿಯಾಯಿತು.

"ಕಡ್ಡಿ ಯಾಕೆ ಹಾಳು ಮಾಡುವುದು ಮಾರಾಯ್ತಿ? ಎರಡು ಮನೆಗೆ ಒಂದು ಬೆಂಕಿ ಸಾಲದಾ?" ಎಂದರು. ನನ್ನ ಅತ್ತೆ ಝೀಟಾ ಬಾಯಿ ಮೂಲೆಯಲ್ಲಿ ಕುಳಿತು ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯಿತು. ಬಂದ ಹೊಸತರಲ್ಲಿ ಯಾರಿಗಾದರೂ ಹಾಗೆಯೇ ಅಲ್ಲವೇ?

ಅವರ ಮನೆಯದು ತುಳು, ನಮ್ಮದು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಬಾಯಿಯ ಖಾರ ಸ್ವಲ್ಪ ಕಡಿಮೆಯಾಗಿರಬಹುದು.

ಬೇಬಿ ಅಕ್ಕನ ಕೈ ಬಿಗಿ ಎಂದರೆ ಊರಿಗೆಲ್ಲ ಗೊತ್ತಿದ್ದ ಬಿಗಿ. ಮೀನು ತೊಳೆದ ನೀರು ತೆಂಗಿನ ಬುಡಕ್ಕೆ, ಗಂಜಿಯ ತಿಳಿ ಬಟ್ಟೆಗೆ, ಹರಿದ ಸೀರೆ ತಲೆದಿಂಬಿಗೆ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಯಾವುದೋ ಗುಂಡಿಯಲ್ಲಿ ಹೂತಿಡುತ್ತಿದ್ದರು. ಎಲ್ಲಿ ಎಂದು ಅವರ ಗಂಡನಿಗೂ ಹೇಳುತ್ತಿರಲಿಲ್ಲ. ಗೊತ್ತಾದರೆ ಕೈ ಹೋಗುತ್ತದೆ, ಕೈ ಹೋದರೆ ಮಳೆಗಾಲಕ್ಕೆ ಉಳಿಯುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ. ಅದಕ್ಕೆ ಕಾರಣವೂ ಇತ್ತು. ಚಿಕ್ಕಂದಿನಲ್ಲಿ ಒಂದು ಆಟಿ ತಿಂಗಳು ತಾಯಿಯೂ ತಾನೂ ಕೆಸುವಿನ ಸೊಪ್ಪು ಬೇಯಿಸಿ ತಿಂದೇ ಬದುಕಿದ್ದೆವು ಎಂದು ಒಮ್ಮೆ ಅತ್ತೆಯ ಹತ್ತಿರ ಹೇಳಿದ್ದರಂತೆ. ಜೋರು ಮಳೆ, ಕೆಲಸವಿಲ್ಲ, ಕಣಜ ಖಾಲಿ, ಅದು ನಮ್ಮ ಕಡೆಯ ಆಟಿ.

ಗಂಡ ದೇಜಪ್ಪಣ್ಣ ಗಾಡಿ ಹೊಡೆಯುತ್ತಿದ್ದವರು. ಕಾಪುವಿನಿಂದ ಉಡುಪಿಗೆ ಹೆಂಚು ಸಾಗಿಸುತ್ತಿದ್ದರು. ಲಾರಿಗಳು ಬಂದವು, ಹೆಂಚು ಲಾರಿ ಹತ್ತಿತು, ದೇಜಪ್ಪಣ್ಣ ಎತ್ತು ಮಾರಿ ಮನೆಗೆ ಬಂದು ಕುಳಿತರು. ಒಬ್ಬಳೇ ಮಗಳು ಹಿರಿಯಡ್ಕಕ್ಕೆ ಮದುವೆಯಾಗಿ ಹೋಗಿದ್ದಳು. ಗಂಡ ಹೆಂಡತಿಗೆ ಉಳಿದದ್ದು ಗೇಣಿಗೆ ಹಿಡಿದ, ತಗ್ಗಿನ ಒಂದು ಬೈಲು ಗದ್ದೆ ಮಾತ್ರ. ಧಣಿಗಳು ಇದ್ದದ್ದು ಅಂಬಲಪಾಡಿಯ ಕಡೆ. ಅವರ ಪರವಾಗಿ ಗದ್ದೆಗಳ ಮೇಲೆ ಕಣ್ಣಿಡುತ್ತಿದ್ದವನು ತಾರಾನಾಥ. ಆಗ ಗೇಣಿದಾರನಿಗೆ ಯಾವ ಭದ್ರತೆಯೂ ಇರಲಿಲ್ಲ. ಒಂದು ಮಳೆಗಾಲ ಗದ್ದೆ ಬರಿದಾಗಿ ಬಿದ್ದರೆ ಮರುವರ್ಷ ಅದರಲ್ಲಿ ಬೇರೆಯವರ ನೇಗಿಲು ಇರುತ್ತಿತ್ತು.

ಅರವತ್ತಾರನೆಯ ಇಸವಿ. ಯುದ್ಧ ಮುಗಿದ ಮರುವರ್ಷ. ಅಕ್ಕಿಯ ಮುಖ ಕಾಣುವುದೇ ಅಪರೂಪವಾಗಿತ್ತು. ರೇಷನ್ ಅಂಗಡಿಯಲ್ಲಿ ಗೋಧಿ ಕೊಡುತ್ತಿದ್ದರು. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನಾವು ಆ ಗೋಧಿಯನ್ನೂ ಇಡಿಯಾಗಿ ಗಂಜಿ ಮಾಡಿ ಕುಡಿದು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದೆವು. ಅಂಥ ಕಾಲದಲ್ಲಿಯೂ ಎಲ್ಲರ ಮನೆಯಲ್ಲಿ ಒಂದು ಮುಡಿ ಮುಟ್ಟದೆ ಇರುತ್ತಿತ್ತು, ಅದು ಬಿತ್ತಿನ ಭತ್ತ. ಒಣಹುಲ್ಲಿನಲ್ಲಿ ಉಂಡೆಯಾಗಿ ಕಟ್ಟಿ ಒಲೆಯ ಹೊಗೆ ತಾಗುವ ಹಾಗೆ ಮೇಲೆ ತೂಗುಹಾಕಿದ ಆ ಮುಡಿಗೆ ಹಸಿದ ಹೊಟ್ಟೆಯವರೂ ಕೈ ಹಾಕುತ್ತಿರಲಿಲ್ಲ. ಬಿತ್ತು ತಿಂದ ಮನೆ ಎಂದು ಹೆಸರು ಬಂದರೆ ಮತ್ತೆ ಆ ಮನೆಯವರಿಗೆ ಗದ್ದೆ ಕೊಡುವವರು ಯಾರು?

ಆ ಬೇಸಿಗೆ ಬೇಬಿ ಅಕ್ಕನ ಮುಡಿಯನ್ನು ಇಲಿ ಕೊರೆಯಿತು. ಅವರು ಏನು ಮಾಡಿದರು ಗೊತ್ತೇ? ಬಿತ್ತನ್ನೆಲ್ಲ ಬಿಚ್ಚಿ ಮಣ್ಣಿನ ಗುಡಾಣಕ್ಕೆ ತುಂಬಿ, ಬಾಯಿಗೆ ಸೆಗಣಿ ಮೆತ್ತಿ, ಅಟ್ಟದ ಮೇಲೆ ಸಿಪ್ಪೆಯ ರಾಶಿಯ ಹಿಂದೆ ಇಟ್ಟರು. ಖಾಲಿ ಹುಲ್ಲಿಗೆ ಭತ್ತದ ಉಮಿ ತುಂಬಿ ಮೊದಲಿನ ಹಾಗೆಯೇ ಮುಡಿ ಕಟ್ಟಿ ತೂಗುಹಾಕಿದರು. ಇಲಿ ಅದನ್ನೇ ಕೊರೆಯುತ್ತಿರಲಿ ಎಂದು. ದೇಜಪ್ಪಣ್ಣ ಆಗ ಮಗಳ ಮನೆಗೆ ಹೋಗಿದ್ದರು. ಬಂದ ಮೇಲೆ ಬೇಬಿ ಅಕ್ಕ ಈ ವಿಷಯ ಬಾಯಿ ಬಿಡಲಿಲ್ಲ. ಇಲಿಯನ್ನು ಮಂಗ ಮಾಡಲು ಕಟ್ಟಿದ ಮುಡಿಗೆ ಗಂಡ ಮಂಗ ಆದರು.

ಮೇ ತಿಂಗಳ ನಡುವೆ ಬೇಬಿ ಅಕ್ಕನಿಗೆ ಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಜ್ವರ. ಬಾಯಿಗೆ ಗೋಧಿ ಸೇರುತ್ತಿರಲಿಲ್ಲ. ದೇಜಪ್ಪಣ್ಣ ಬೆಂಕಿಗೆ ಸಿಪ್ಪೆ ತೆಗೆಯಲು ಅಟ್ಟ ಹತ್ತಿದಾಗ ಗುಡಾಣ ಕಂಡಿತು. ಬಾಯಿ ಒಡೆದು ನೋಡಿದರೆ ಭತ್ತ! ಕೆಳಗೆ ಬಿತ್ತಿನ ಮುಡಿ ತೂಗುತ್ತಲೇ ಇದೆ. ಹಾಗಾದರೆ ಇದು ಉಣ್ಣುವ ಭತ್ತ. ಹೆಂಡತಿ ಹಸಿವಿನಲ್ಲಿ ಮಲಗಿದ್ದಾಳೆ, ಆಟಿಗೆಂದು ಅಟ್ಟದಲ್ಲಿ ಭತ್ತ ಬಚ್ಚಿಟ್ಟಿದ್ದಾಳೆ ಎಂದು ಅವರಿಗೆ ಅಳುವೂ ಬಂತು, ಕೋಪವೂ ಬಂತು. ಹೇಳಿದರೆ ಬೇಡ ಎನ್ನುತ್ತಾಳೆ ಎಂದು ಹೇಳಲೂ ಇಲ್ಲ. ನಮ್ಮ ಕಡೆ ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟುವುದು. ಆಯುಷ್ಯದಲ್ಲಿ ಒಲೆಯ ಮುಂದೆ ಕೂರದ ಮನುಷ್ಯ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹಂಡೆ ಇಟ್ಟು, ಗುಡಾಣದಲ್ಲಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಬೇಯಿಸಿದರು.

ಬೆಂದ ಭತ್ತದ ವಾಸನೆಯನ್ನು ಬಚ್ಚಿಡಲು ಆಗುವುದಿಲ್ಲ. ಒಳಗೆ ಚಾಪೆಯ ಮೇಲೆ ಮಲಗಿದ್ದ ಬೇಬಿ ಅಕ್ಕನಿಗೆ ಅದು ಬಡಿಯಿತು. ಮನೆಯಲ್ಲಿ ಬೇಯಿಸುವ ಭತ್ತವೇ ಇಲ್ಲವೆಂದು ಗೊತ್ತಿದ್ದವರು ಅವರೊಬ್ಬರೇ. ಗೋಡೆ ಹಿಡಿದುಕೊಂಡು ಹೊರಗೆ ಬಂದರು. ನಾನೂ ಅತ್ತೆಯೂ ವಾಸನೆಗೆ ಬಾಯಲ್ಲಿ ನೀರೂರಿ, ನಾಚಿಕೆ ಬಿಟ್ಟು ಬೇಲಿಯ ಹತ್ತಿರ ನಿಂತಿದ್ದೆವು. ಅಂಗಳದ ಚಾಪೆಯಲ್ಲಿ ಭತ್ತ ಹಬೆಯಾಡುತ್ತಿತ್ತು. ದೇಜಪ್ಪಣ್ಣ ಬೆವರು ಒರೆಸಿಕೊಂಡು ಹೆಂಡತಿಯ ಕಡೆ ನೋಡಿ ನಕ್ಕರು.

"ಗುಡಾಣದ್ದಾ?" ಎಂದರು ಬೇಬಿ ಅಕ್ಕ.

"ಹೌದು."

"ಎಲ್ಲವಾ?"

"ಎಲ್ಲ. ಇನ್ನು ನೀನು ಉಪವಾಸ ಬೀಳುವುದು ಬೇಡ."

ಬೇಬಿ ಅಕ್ಕ ಹೊಸ್ತಿಲಲ್ಲಿ ಕುಳಿತುಬಿಟ್ಟರು. "ಅದು ಬಿತ್ತು ಅಲ್ವಾ," ಎಂದರು. ಅಷ್ಟೇ. ಮೇಲೆ ತೂಗುತ್ತಿದ್ದ ಮುಡಿಯನ್ನು ದೇಜಪ್ಪಣ್ಣ ಎಳೆದು ಬಿಚ್ಚಿದರು. ಉಮಿ ನೆಲದ ಮೇಲೆಲ್ಲ ಚೆಲ್ಲಿತು.

"ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"

"ನೀನು ಒಂದು ಮಾತು ಹೇಳಬಾರದಿತ್ತಾ?"

ಇಬ್ಬರದೂ ಸರಿಯಾದ ಪ್ರಶ್ನೆಯೇ. ಜಗಳವಾದರೂ ಆಗಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಮುಂದೆ ಆ ಮನೆಯಿಂದ ಭತ್ತ ಕುಟ್ಟುವ ಸದ್ದು ಕೇಳಿತೇ ಹೊರತು ಮಾತು ಕೇಳಲಿಲ್ಲ. ಕುಟ್ಟುತ್ತಿದ್ದವರು ದೇಜಪ್ಪಣ್ಣ. ಮೊದಲ ಗಂಜಿಯನ್ನು ಅವರು ತಂದು ಇಟ್ಟಾಗ ಬೇಬಿ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅತ್ತೆ ಹಣೆ ಮುಟ್ಟಿ ನೋಡುತ್ತಿದ್ದರು. ನಾನು ಬಾಗಿಲಲ್ಲಿದ್ದೆ.

"ಬೆಂದದ್ದು ಇನ್ನು ಮೊಳೆಯುವುದಿಲ್ಲ ಮಾರಾಯ್ತಿ," ಎಂದರು ದೇಜಪ್ಪಣ್ಣ. "ನೀನಾದರೂ ಏಳು."

ಬೇಬಿ ಅಕ್ಕ ಎದ್ದು ಕುಳಿತು ಅಳುತ್ತಲೇ ಗಂಜಿ ಕುಡಿದರು. ತಟ್ಟೆಯಲ್ಲಿ ಒಂದು ಅಗುಳೂ ಉಳಿಸಲಿಲ್ಲ. ಅವತ್ತಿನಿಂದ ಅವರ ಮೇಲಿನ ನನ್ನ ಸಿಟ್ಟು ಹೋಯಿತು.

ನಮ್ಮ ಮನೆಯ ಕಥೆಯನ್ನೂ ಹೇಳಬೇಕು. ಮಾವ ಡೊಮಿನಿಕ್ ತೀರಿಕೊಂಡಿದ್ದರು, ನನ್ನ ಗಂಡ ಲಿಯೋನೆಲ್ ಬೊಂಬಾಯಿಯಲ್ಲಿ. ದಿಣ್ಣೆಯ ಮೇಲಿನ ಸ್ವಂತದ ಬೆಟ್ಟು ಗದ್ದೆಯನ್ನು ಉಳುವವರಿಲ್ಲದೆ ಆ ವರ್ಷ ಪಾಳು ಬಿಡುವುದೆಂದು ತೀರ್ಮಾನವಾಗಿತ್ತು. ಅದರ ಪಾಲಿನ ಬಿತ್ತು ಮುಡಿಯಲ್ಲಿ ಹಾಗೆಯೇ ಇತ್ತು. ಉಣ್ಣಲು ಅಕ್ಕಿ ಮಾತ್ರ ಇರಲಿಲ್ಲ. ಆ ಬಿತ್ತನ್ನು ಕುಟ್ಟುವುದೋ ಬೇಡವೋ ಎಂದು ಅತ್ತೆ ಜಪಮಾಲೆ ಹಿಡಿದು ಯೋಚಿಸುತ್ತಿದ್ದರು. ಜ್ವರ ಬಿಟ್ಟ ಬೇಬಿ ಅಕ್ಕನ ಹತ್ತಿರ ಅವರೇ ಹೇಳಿದರು, "ನಿನ್ನಲ್ಲಿ ಅಕ್ಕಿ ಉಂಟು, ನನ್ನಲ್ಲಿ ಬಿತ್ತು ಉಂಟು. ಇನ್ನೆಂತ ಯೋಚನೆ?"

ಅದಲು ಬದಲಾಯಿತು. ಆದರೆ ಬೆಟ್ಟಿನ ಬಿತ್ತು ಅವರ ಬೈಲಿನ ಅರ್ಧಕ್ಕೆ ಮಾತ್ರ ಸಾಕಾಗುವಷ್ಟಿತ್ತು.

ಸುದ್ದಿ ತಾರಾನಾಥನ ಕಿವಿಗೆ ಬೀಳಲು ಹೊತ್ತಾಗಲಿಲ್ಲ. ಹೆಗಲ ಮೇಲೆ ಕೊಡೆ ನೇತುಹಾಕಿಕೊಂಡು ಅಂಗಳಕ್ಕೆ ಬಂದ. "ಬಿತ್ತು ತಿಂದಿರಂತೆ?" ಎಂದ, ಕೂರದೆಯೇ.

"ತಿಂದದ್ದಲ್ಲ. ಜ್ವರದ ಮಂಪರಿನಲ್ಲಿ ತಪ್ಪಿ ನಾನು ಬೇಯಿಸಿದೆ," ಎಂದರು ಬೇಬಿ ಅಕ್ಕ.

ತಾರಾನಾಥ ಗಟ್ಟಿಯಾಗಿ ನಕ್ಕ. "ನೀವಾ? ಊರಿಗೆ ಊರೇ ಹೇಳಿದರೂ ನಾನು ನಂಬುವುದಿಲ್ಲ ಬೇಬಿ ಅಕ್ಕ. ಸತ್ತರೂ ನೀವು ಬಿತ್ತು ಬೇಯಿಸುವವರಲ್ಲ."

ಹೀಗೆ ಅವರ ಬಿಗಿ ಕೈಯೇ ಅವರ ಸುಳ್ಳನ್ನು ಕೆಡಿಸಿತು. ದೇಜಪ್ಪಣ್ಣ ಮುಂದೆ ಬಂದರು. "ಬೇಯಿಸಿದ್ದು ನಾನು. ಇವಳು ಹಸಿದು ಮಲಗಿದ್ದಳು. ಬಿತ್ತು ಅಂತ ಗೊತ್ತಿರಲಿಲ್ಲ. ಗದ್ದೆ ತೆಗೆಯುವುದಾದರೆ ನನ್ನ ತಪ್ಪಿಗೆ ತೆಗೆಯಿರಿ, ಇವಳ ಹೆಸರು ಹಾಳು ಮಾಡಬೇಡಿ."

ತಾರಾನಾಥ ಕೆಟ್ಟವನಲ್ಲ. ಸ್ವಲ್ಪ ಹೊತ್ತು ಕೊಡೆಯ ತುದಿಯಿಂದ ನೆಲ ಕೆರೆದ. "ಆಟಿ ಹುಟ್ಟುವುದರೊಳಗೆ ಗದ್ದೆ ತುಂಬ ಹಸಿರು ಕಾಣಬೇಕು. ಒಂದು ಮೂಲೆ ಬರಿದಾಗಿದ್ದರೂ ಧಣಿಗಳಿಗೆ ನಾನು ಉತ್ತರ ಹೇಳಲಾರೆ," ಎಂದು ಹೋದ.

ಮಳೆ ಹಿಡಿಯಿತು. ಇದ್ದ ಬಿತ್ತಿನ ಸಸಿ ಎದ್ದು ಅರ್ಧ ಗದ್ದೆಗೆ ಆಯಿತು. ಉಳಿದ ಅರ್ಧಕ್ಕೆ ಒಂದೇ ದಾರಿ. ನಮ್ಮ ಕಡೆ ನಾಟಿ ಮುಗಿದ ಮೇಲೆ ಮಿಕ್ಕ ಸಸಿಗಳನ್ನು, ಅಂದರೆ ನೇಜಿಯನ್ನು, ಮಾರುವುದಿಲ್ಲ. ಸೂಡಿ ಕಟ್ಟಿ ಬದುವಿನ ಮೇಲೆ ಇಡುತ್ತಾರೆ, ಬೇಕಾದವರು ಕೇಳಿ ಒಯ್ಯಬಹುದು. ಕೇಳಬೇಕು, ಅಷ್ಟೇ. ಬೇಬಿ ಅಕ್ಕ ಜನ್ಮದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಒಂದು ಹಿಡಿ ಉಪ್ಪು ತೆಗೆದುಕೊಂಡರೂ ಸಂಜೆಯೊಳಗೆ ಬದಲಿಗೆ ಬಸಳೆ ತಂದಿಡುವ ಹೆಂಗಸು.

"ತಪ್ಪು ನನ್ನದು, ನಾನು ಹೋಗಿ ಕೇಳುತ್ತೇನೆ," ಎಂದರು ದೇಜಪ್ಪಣ್ಣ.

"ನೀವೊಬ್ಬರೇ ಹೋದರೆ ಒಳ್ಳೆಯದು ಯಾವುದು, ಹಳದಿ ತಿರುಗಿದ್ದು ಯಾವುದು ಅಂತ ನಿಮಗೆ ಗೊತ್ತಾಗುತ್ತದಾ? ನಡೆಯಿರಿ, ನಾನೂ ಬರುತ್ತೇನೆ."

ಆ ಮಳೆಯಲ್ಲಿ ಇಬ್ಬರೂ ತಾಳೆಗರಿಯ ಗೊರಬು ಹೊದ್ದು ಊರಿನ ಬದುವೆಲ್ಲ ತಿರುಗಿದರು. ಗಂಡ ಕೇಳುವುದು, ಹೆಂಡತಿ ಆರಿಸುವುದು. ಕೆಲವರು ಕೊಟ್ಟರು, ಕೆಲವರು ನಗೆಯಾಡಿ ಕೊಟ್ಟರು. "ಬೇಯಿಸಿ ಬಿಡಬೇಡಿ ದೇಜಪ್ಪಣ್ಣ" ಎಂದ ಹೆಂಗಸೊಬ್ಬಳಿಗೆ ಬೇಬಿ ಅಕ್ಕ ತಿರುಗಿ ಉಗಿದು ಬಂದರಂತೆ, ಆದರೆ ಸೂಡಿ ಬಿಟ್ಟು ಬರಲಿಲ್ಲ. ನೆಡಲು ನಾನೂ ಅತ್ತೆಯೂ ಹೋದೆವು. ಹತ್ತಾರು ಮನೆಯ ನೇಜಿ. ಒಂದು ಕಡೆ ಮೊಣಕಾಲುದ್ದ, ಇನ್ನೊಂದು ಕಡೆ ಗೇಣುದ್ದ, ಒಂದು ಕಪ್ಪು ಹಸಿರು, ಒಂದು ತಿಳಿ ಹಸಿರು. ಬೇಬಿ ಅಕ್ಕ ಹರಿದ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯ ಹಾಗೆ ಕಾಣುತ್ತಿತ್ತು ಗದ್ದೆ.

ಆಟಿ ಹುಟ್ಟುವ ಮುನ್ನಾದಿನ ತಾರಾನಾಥ ಬಂದ. ಬದುವಿನ ಮೇಲೆ ಸುತ್ತ ನಡೆದ. ತೋಡಿನ ಕಡೆಯ ಮೂಲೆಯಲ್ಲಿ ತುಂಬ ಹೊತ್ತು ನಿಂತ. ಅಲ್ಲಿಯ ಸಸಿ ಹಿಂದಿನ ದಿನ ನೆಟ್ಟದ್ದು, ನೀರಿನ ಮೇಲೆ ತಲೆ ಮಾತ್ರ ಕಾಣುತ್ತಿತ್ತು.

"ಚಂದ ಇಲ್ಲ," ಎಂದ. "ಆದರೆ ಹಸಿರು ಉಂಟು." ಅಷ್ಟು ಹೇಳಿ ಕೊಡೆ ಬಿಚ್ಚಿ ಹೋದ.

ದೇಜಪ್ಪಣ್ಣ ಕೆಸರಿನಲ್ಲಿಯೇ ಕುಳಿತು ಮುಖ ಮುಚ್ಚಿಕೊಂಡರು. ಬೇಬಿ ಅಕ್ಕ ಅವರ ತೋಳು ಹಿಡಿದು ಎಬ್ಬಿಸಿ, "ಬನ್ನಿ, ನಿಮಗೆ ಮನೆ ತೋರಿಸುವುದುಂಟು," ಎಂದರು. ಮೂವತ್ತು ವರ್ಷ ಇದ್ದ ಮನೆಯನ್ನು ತೋರಿಸುವುದು ಎಂದರೇನು ಎಂದು ನಾವೂ ಹಿಂದೆಯೇ ಹೋದೆವು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಹಲಸಿನ ಬೀಜದ ಗುಂಡಿ. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಒಣಮೀನು. ಅಡಿಕೆ ಹಾಳೆಯಲ್ಲಿ ಸುತ್ತಿದ ಹುಣಸೆ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆಯ ಭರಣಿ. ಒಂದೊಂದನ್ನೂ ತೆರೆದು ತೋರಿಸಿ, "ಇದು ಇಲ್ಲಿ ಉಂಟು, ನೆನಪಿಟ್ಟುಕೊಳ್ಳಿ," ಎಂದರು. ದೇಜಪ್ಪಣ್ಣ ಶಾಲೆಯ ಮಕ್ಕಳ ಹಾಗೆ ಹೂಂಗುಟ್ಟುತ್ತಾ ಹೋದರು. ಕೊನೆಗೆ ಒಳಕೋಣೆಯ ಮರದ ಪೆಟ್ಟಿಗೆಯ ತಳದಿಂದ ಒಂದು ಗಂಟು ತೆಗೆದರು. ಅದರಲ್ಲಿ ಮಡಿಕೆ ಬಿಚ್ಚದ ಒಂದು ಹೊಸ ಪಂಚೆ, ಒಂದು ಹೊಸ ಸೀರೆ. ಹಸಿರು ಅಂಚಿನದು.

"ಇದು ಎಂತಕ್ಕೆ?" ಎಂದರು ದೇಜಪ್ಪಣ್ಣ.

"ಹೋಗುವ ದಿನಕ್ಕೆ. ಯಾರು ಮೊದಲು ಹೋದರೂ ಹೊದಿಸುವ ಬಟ್ಟೆಗೆ ಉಳಿದವರು ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲಬಾರದಲ್ವಾ?"

ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ದೇಜಪ್ಪಣ್ಣ ಸೀರೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮೈಮೇಲೆ ಹೆಂಡತಿ ಉಟ್ಟದ್ದಕ್ಕೆ ಎಷ್ಟು ಕಡೆ ತೇಪೆ ಎಂದು ಆವತ್ತೇ ಅವರ ಕಣ್ಣಿಗೆ ಬಿದ್ದಿರಬೇಕು. "ಇದನ್ನು ಉಡದೆ ನೀನು ಹೊಸ ಅಕ್ಕಿ ಬಡಿಸಿದರೆ ನಾನು ಉಣ್ಣುವುದಿಲ್ಲ," ಎಂದರು.

ಬೇಬಿ ಅಕ್ಕ ಬಾಯಿಗೆ ಬಂದ ಹಾಗೆ ಬೈದರು. ಹೊಸ ಬಟ್ಟೆ ಉಟ್ಟು ಹಾಳು ಮಾಡುವುದಾ, ಬುದ್ಧಿ ಉಂಟಾ ಎಂದೆಲ್ಲ. ದೇಜಪ್ಪಣ್ಣ ಜಗ್ಗಲಿಲ್ಲ.

ಹತ್ತಾರು ಮನೆಯ ಪೈರು ಹತ್ತಾರು ಹೊತ್ತಿಗೆ ಹಣ್ಣಾಯಿತು. ಕೊಯ್ಲು ಎಂಬುದು ಕಂತು ಕಂತಾಗಿ ನಡೆಯಿತು, ನಮಗೆಲ್ಲ ಸೊಂಟ ಮುರಿಯಿತು. ನಮ್ಮ ಮನೆಯಲ್ಲಿ ಮೇರಿ ಮಾತೆಯ ಮೊಂತಿ ಹಬ್ಬದ ಹೊಸ ತೆನೆಯ ಊಟ ಮುಗಿದು ಕೆಲವು ದಿನಗಳಾದ ಮೇಲೆ ಅವರ ಮನೆಯಲ್ಲಿ ಹೊಸ ಅಕ್ಕಿಯ ಊಟ. ಬೇಬಿ ಅಕ್ಕ ಹಸಿರು ಅಂಚಿನ ಸೀರೆ ಉಟ್ಟು, ಕಲೆಯಾದೀತೆಂದು ಸೆರಗನ್ನು ಎತ್ತಿ ಸಿಕ್ಕಿಸಿಕೊಂಡು, ಗಂಡನಿಗೆ ಬಡಿಸಿದರು. ದೇಜಪ್ಪಣ್ಣನೂ ಹೊಸ ಪಂಚೆಯಲ್ಲಿದ್ದರು. ಅನ್ನದ ಮೊದಲ ತುತ್ತು ಬಾಯಿಗಿಟ್ಟು ಹೆಂಡತಿಯನ್ನೇ ನೋಡುತ್ತಾ ಕುಳಿತರು. "ಉಣ್ಣಿ, ತಣ್ಣಗಾಗುತ್ತದೆ," ಎಂದು ಬೇಬಿ ಅಕ್ಕ ಗದರಿಸಿದರು.

ಮುಂದಿನ ವರ್ಷಗಳಲ್ಲಿ ಆ ಸೀರೆಯನ್ನು ಅವರು ಸಂತೆಗೆ ಉಟ್ಟರು, ಮೊಮ್ಮಗುವಿನ ಹೆಸರಿಡುವ ದಿನ ಹಿರಿಯಡ್ಕಕ್ಕೆ ಉಟ್ಟರು, ಆಮೇಲೆ ಗದ್ದೆಗೂ ಉಟ್ಟರು. ಅಂಚು ಬಿಟ್ಟಿತು, ತೇಪೆ ಬಿತ್ತು, ಕೊನೆಗೆ ಹರಿದು ಒಲೆಯ ಹತ್ತಿರದ ಮಸಿಬಟ್ಟೆಯಾಯಿತು. ಬೇಬಿ ಅಕ್ಕ ಗಟ್ಟಿಮುಟ್ಟಾಗಿಯೇ ಇದ್ದರು.