ಬೆಟ್ಟ ಹತ್ತುವ ಮೊದಲೇ ಬರೆದ ಕಾರ್ಡು

ದಸರೆಗೆಂದು ನಾಡೆಲ್ಲ ಮೈಸೂರಿನ ಕಡೆ ಬರುತ್ತಿದ್ದಾಗ ನಾನು ಮೈಸೂರು ಬಿಟ್ಟು ಹೊರಟೆ. ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರ ನೂಕುನುಗ್ಗಲಿತ್ತೇ ಹೊರತು ಹತ್ತುವವರು ಕಡಿಮೆ. ಕಿಟಕಿ ಪಕ್ಕದ ಸೀಟು ಸುಲಭವಾಗಿ ಸಿಕ್ಕಿತು.

ನಾನು ಹಲ್ಲಿನ ಸೆಟ್ಟು ತಯಾರಿಸುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರುಗಳು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ತೆಗೆಯುವುದು ದಿನದ ಕೆಲಸ. ಅದೇ ಪ್ಲಾಸ್ಟರಿನಲ್ಲಿ ಬೆಟ್ಟ ಎರೆಯುವುದು ರಜೆಯ ಹವ್ಯಾಸ. ನಾನು ಬೆಟ್ಟ ಮಾಡಿಕೊಟ್ಟರೆ ಅದರ ಮೇಲಿನ ಕೋಟೆ, ಬಾಗಿಲು, ಬುರುಜುಗಳನ್ನು ರಟ್ಟು, ಬೆಂಕಿಕಡ್ಡಿಗಳಲ್ಲಿ ಕಟ್ಟುವವನು ಹಾಸನದಲ್ಲಿರುವ ನನ್ನ ಅಣ್ಣ ಶ್ರೀಧರ. ಹೀಗೆ ನಾವಿಬ್ಬರೂ ಸೇರಿ ಒಂದಷ್ಟು ಕೋಟೆ ಮಾಡಿದ್ದೇವೆ. ಈ ಸಲದ್ದು ಮಧುಗಿರಿ. ಅರ್ಧ ಮುಗಿಯುವಷ್ಟರಲ್ಲಿ ಅಣ್ಣನಿಗೆ ಹೃದಯದ ಆಪರೇಷನ್ ಆಯಿತು. ಮನೆಗೆ ಬಂದವನು ಚೇತರಿಸಿಕೊಂಡ, ಆದರೆ ಮಾಡೆಲ್ ಮುಟ್ಟಲಿಲ್ಲ. ಅದರ ಮೇಲೊಂದು ಹಳೇ ಪಂಚೆ ಹೊದಿಸಿ ಸುಮ್ಮನೆ ಕೂತುಬಿಟ್ಟ.

ಮಧುಗಿರಿಗೆ ಇಬ್ಬರೂ ಒಟ್ಟಿಗೆ ಹೋಗುವುದೆಂದಿತ್ತು. ಡಾಕ್ಟರು ಅವನಿಗೆ ಬೆಟ್ಟ ಬೇಡವೆಂದರು. "ನೀನೇ ಹೋಗಿ ಬಾ," ಎಂದ ಅಣ್ಣ. "ಫೋಟೋ ನೋಡಿ ತುದಿ ಮಾಡಿದೀವಿ. ನನಗ್ಯಾಕೋ ಸರಿ ಅನ್ನಿಸ್ತಿಲ್ಲ. ನೋಡಿ ಬರಿ. ಫೋನು ಬೇಡ, ಊರೂರಿಂದ ಕಾರ್ಡು ಹಾಕು. ಪೋಸ್ಟ್‌ಮ್ಯಾನ್ ಬಂದನಾ ಅಂತ ನೋಡೋಕಾದರೂ ಎದ್ದು ಓಡಾಡ್ತೀನಿ."

ನನಗೆ ಎತ್ತರವೆಂದರೆ ಆಗದು. ಮನೆಯ ತಾರಸಿಯ ಅಂಚಿಗೂ ಹೋಗುವವಳಲ್ಲ. ಅಣ್ಣನಿಗೂ ಅದು ಗೊತ್ತು. ಆದರೂ ಅವನು ಕೇಳಿದ, ನಾನು ಹೂಂ ಅಂದೆ.

ತುಮಕೂರಿನಲ್ಲಿ ತಟ್ಟೆ ಇಡ್ಲಿ ತಿಂದು ಬಸ್ ಬದಲಾಯಿಸಿದೆ. ಸರ್ಕಾರಿ ಬಸ್ಸು, ಆಧಾರ್ ಕಾರ್ಡು ತೋರಿಸಿದ್ದಕ್ಕೆ ಫ್ರೀ ಟಿಕೆಟ್. ಕೊರಟಗೆರೆಯಲ್ಲಿ ಇಳಿದು ಕಾಫಿ ಕುಡಿದು, ಹೋಟೆಲಿನ ಮೇಜಿನ ಮೇಲೇ ಮೊದಲ ಕಾರ್ಡು ಬರೆದೆ. ಐವತ್ತು ಪೈಸೆಯ ಹಳದಿ ಕಾರ್ಡು. ಮೋಡ ಕವಿದಿದೆ, ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದಾರೆ, ಸುತ್ತ ಎಲ್ಲಿ ನೋಡಿದರೂ ಬೆಟ್ಟ ಎಂದು ಬರೆದು, ಮೂಲೆಯಲ್ಲಿ ಒಂದು ಗುಡ್ಡದ ಚಿತ್ರ ಗೀಚಿ ಅಂಚೆ ಡಬ್ಬಕ್ಕೆ ಹಾಕಿದೆ. ಅಲ್ಲಿಂದ ಮಧುಗಿರಿ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ. ಊರು ಬರುವ ಮೊದಲೇ ಬೆಟ್ಟ ಬಂತು. ನಮ್ಮ ಮೇಜಿನ ಮೇಲೆ ಅದು ಮೊಳದುದ್ದದ ಪ್ಲಾಸ್ಟರ್ ಮುದ್ದೆ. ಇಲ್ಲಿ ಒಂದೇ ಕಲ್ಲು ಆಕಾಶದ ಅರ್ಧ ಹಿಡಿದು ನಿಂತಿತ್ತು. ಬಸ್ಸು ನಿಲ್ಲುವವರೆಗೂ ನಾನು ಮತ್ತೆ ಆ ಕಡೆ ನೋಡಲಿಲ್ಲ.

ಮಾರನೆಯ ದಿನ ಶನಿವಾರ. ಡಬ್ಬ ಮಧ್ಯಾಹ್ನ ತೆಗೆಯುತ್ತಾರೆ, ನಾಳೆ ಭಾನುವಾರ, ಇವತ್ತು ಹಾಕದಿದ್ದರೆ ಸೋಮವಾರವೇ ಎಂದು ಲಾಡ್ಜಿನವರು ಹೇಳಿದರು. ಅಣ್ಣ ಕಾಯುತ್ತಿರುತ್ತಾನೆ. ಹೇಗೂ ಹತ್ತುವವಳೇ ತಾನೆ ಎಂದುಕೊಂಡು ತಿಂಡಿಗೆ ಮುಂಚೆಯೇ ಕಾರ್ಡು ಬರೆದೆ: "ತುದಿ ಮುಟ್ಟಿದೆ. ಹೆದರಿಕೆಯಾಗಲಿಲ್ಲ. ನಾವು ಮಾಡಿದ್ದು ಸರಿಯಾಗಿಯೇ ಇದೆ." ದಾರಿಯಲ್ಲಿ ಡಬ್ಬಕ್ಕೆ ಹಾಕಿ ಬೆಟ್ಟದ ಕಡೆ ನಡೆದೆ.

ಮೊದಲ ಬಾಗಿಲುಗಳವರೆಗೆ ಏನೂ ತೊಂದರೆಯಾಗಲಿಲ್ಲ. ಮೆಟ್ಟಿಲಿದ್ದವು, ಗೋಡೆಯ ಮರೆಯಿತ್ತು. ಆಮೇಲೆ ಗೋಡೆ ಮುಗಿದು ಬರೀ ಬಂಡೆ. ಅದರಲ್ಲಿ ಕಾಲಿಡುವಷ್ಟೇ ಕಡಿದ ಗುರುತುಗಳು, ಹಿಡಿದುಕೊಳ್ಳಲು ಒಂದು ಪಕ್ಕ ಕಬ್ಬಿಣದ ಕಂಬಿ. ತುಂತುರು ಬಿದ್ದು ಕಲ್ಲು ತೊಯ್ದಿತ್ತು, ಗಾಳಿ ನನ್ನ ದುಪಟ್ಟವನ್ನು ಮುಖಕ್ಕೇ ತಂದು ಹೊಡೆಯುತ್ತಿತ್ತು. ಅರ್ಧ ಬಂಡೆ ಏರಿ ಒಂದು ಸಲ ಹಿಂತಿರುಗಿ ನೋಡಿದೆ. ಊರಿನ ಮನೆಗಳು ನನ್ನ ಕಾಲಿನ ಕೆಳಗಿದ್ದವು. ಮತ್ತೆ ಹೆಜ್ಜೆ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಕಂಬಿಯನ್ನು ತಬ್ಬಿಕೊಂಡು ಕೂತುಬಿಟ್ಟೆ. ತಾವರೆಕೆರೆಯಿಂದ ಬಂದಿದ್ದ ಗಂಡ ಹೆಂಡತಿ ಕೆಳಗಿಳಿಯುತ್ತಿದ್ದರು. ಗಂಡ ನನ್ನ ಚೀಲ ತೆಗೆದುಕೊಂಡ. ಹೆಂಡತಿ ನನ್ನ ಮುಂದೆ ಕೂತು, "ಕೆಳಕ್ಕೆ ನೋಡ್‌ಬ್ಯಾಡಿ, ನನ್ ಬೆನ್ನು ನೋಡ್ಕಂಡು ಜಾರ್ಕಂಡ್ ಬನ್ನಿ," ಅಂದಳು. ಹಾಗೆಯೇ ಕೂತು ಕೂತು ಜಾರಿ ಇಳಿದೆ. ಚೂಡಿದಾರ್ ಹಿಂದುಗಡೆ ಹರಿದುಹೋಯಿತು.

ಊರೊಳಗೆ ಬರುವಾಗ ಪೋಸ್ಟ್‌ಮ್ಯಾನ್ ಅದೇ ಡಬ್ಬದಿಂದ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದ. ಓಡಿಹೋಗಿ ಕೇಳಿದೆ: "ಅದರಲ್ಲಿ ನನ್ನದೊಂದು ಕಾರ್ಡಿದೆ. ತಪ್ಪಾಗಿ ಬರೆದಿದೀನಿ. ವಾಪಸ್ ಕೊಡ್ತೀರಾ?"

ಅವನು ಚೀಲದ ಬಾಯಿ ಕಟ್ಟಿದ. "ಡಬ್ಬುಕ್ಕೆ ಬಿದ್‌ಮ್ಯಾಲೆ ಅದು ನಿಮ್ದಲ್ಲ ಕಣಮ್ಮ. ಯಾರ್ ಹೆಸ್ರು ಬರ್ದಿದೀರೋ ಅವ್ರುದು. ಇನ್ನೊಂದ್ ಬರ್ದು ಹಾಕಿ ಬುಡಿ, ಅದ್ರಾಗೇನು."

ಇನ್ನೊಂದು ಬರೆಯುವುದು ಸುಲಭವೇ. ಆದರೆ ಏನೆಂದು? ಹೋಗಲಾರದವನ ಪರವಾಗಿ ಹೋದವಳು ಅರ್ಧಕ್ಕೇ ಇಳಿದು ಬಂದೆನೆಂದೇ? ಆಪರೇಷನ್ನಿಗೆ ಹೋಗುವ ಬೆಳಿಗ್ಗೆ ಅವನು ತಮಾಷೆ ಮಾಡುತ್ತ ಸ್ಟ್ರೆಚರ್ ಹತ್ತಿದ್ದು ನೆನಪಾಯಿತು. ಲಾಡ್ಜಿಗೆ ಹೋಗಿ ಬಟ್ಟೆ ಬದಲಾಯಿಸಿ, ಹೊರಗೆ ಬರಲು ಮನಸ್ಸಿಲ್ಲದೆ ಮಲಗಿದೆ.

ಭಾನುವಾರ ಪಾವಗಡಕ್ಕೆ ಹೊರಟೆ. ಸುಮಾರು ಅರವತ್ತು ಕಿಲೋಮೀಟರು. ಬಸ್ಸಿನ ಕಂಡಕ್ಟರು ಪುರವರದ ಕಡೆಯ ಹೆಂಗಸು, ಹೆಸರು ಜಯಮ್ಮ, ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಟಿಕೆಟ್ ಕೊಟ್ಟು ಮುಗಿಸಿ ನನ್ನ ಪಕ್ಕ ಕೂತಳು. ಕಿಟಕಿಯಾಚೆ ಬೆಟ್ಟ ಹಿಂದೆ ಸರಿಯುವುದನ್ನು ನಾನು ನೋಡುತ್ತಿದ್ದೆ.

"ಹತ್ತಿದ್ರಾ ಅಕ್ಕ?" ಎಂದು ಕೇಳಿದಳು.

ಗೊತ್ತಿಲ್ಲದವರಿಗೆ ಹೇಳುವುದು ಸುಲಭ. ಅಣ್ಣ, ಮಾಡೆಲ್, ಕಾರ್ಡು, ಬಂಡೆ, ಎಲ್ಲ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಾನು ಹುಟ್ಟಿದ್ದು ಬೆಳ್ದಿದ್ದು ಎಲ್ಲಾ ಇಲ್ಲೇ ಕಣಕ್ಕ. ದಿನಾ ಅದ್ರ್ ಬುಡ್ದಾಗೇ ಓಡಾಡ್ತೀನಿ. ಒಂದ್ ಸಲಾನೂ ಹತ್ತಿಲ್ಲ. ಸ್ಕೂಲಾಗೆ ಕರ್ಕಂಡೋದಾಗ ಜ್ವರ ಅಂತ ಸುಳ್ಳೇಳಿ ಮನೇಲ್ ಉಳ್ಕಂಡಿದ್ದೆ," ಎಂದಳು. ಮುಂದಿನ ಸ್ಟಾಪು ಬಂತು. ಇಳಿಸಿ, ಹತ್ತಿಸಿ, ಸೀಟಿ ಊದಿ ಮತ್ತೆ ಬಂದು ಕೂತಳು. "ನಾಳೆ ನಂಗೆ ವಾರದ ರಜಾ. ಇಬ್ರೂ ಓಗಾನ. ನೀವ್ ಬಿದ್ರೆ ನಾನ್ ಇಡ್ಕತೀನಿ, ನಾನ್ ಬಿದ್ರೆ ನೀವ್ ಇಡ್ಕಳಿ."

ಪಾವಗಡದಲ್ಲಿ ಮೋಡ ಹರಿದು ಬಿಸಿಲು ಬಿದ್ದಿತ್ತು. ಶನಿಮಹಾತ್ಮನ ಗುಡಿಯಲ್ಲಿ ಭಾನುವಾರವಾದರೂ ಜನವಿತ್ತು. ಹೋಟೆಲಿನಾಕೆ "ಏಮಿ ಕಾವಾಲಿ ಅಕ್ಕಾ?" ಎಂದು ತೆಲುಗಿನಲ್ಲಿ ಶುರುಮಾಡಿ, ನನ್ನ ಮುಖ ನೋಡಿ, "ಕನ್ನಡಾನಾ? ಕೂತ್ಕಳಿ, ಮುದ್ದೆ ಬಿಸಿ ಐತೆ," ಎಂದಳು. ಮುದ್ದೆ, ಹುರುಳಿಕಾಳಿನ ಸಾರು. ಊರಿನ ಬೆಟ್ಟವನ್ನು ಕೆಳಗಿನಿಂದಲೇ ನೋಡಿದೆ. ಕಾರ್ಡು ಕೊಂಡಿದ್ದೆ, ವಿಳಾಸ ಬರೆದೆ, ಒಕ್ಕಣೆ ಬರೆಯಲಾಗಲಿಲ್ಲ. ಸಂಜೆ ಜಯಮ್ಮನ ಬಸ್ಸಿನಲ್ಲೇ ಮಧುಗಿರಿಗೆ ಮರಳಿದೆ.

ಸೋಮವಾರ ಬೆಳಕು ಹರಿಯುವಾಗ ಅವಳು ಬೆಟ್ಟದ ಬುಡದಲ್ಲಿ ನಿಂತಿದ್ದಳು. ಯೂನಿಫಾರಂ ಇಲ್ಲದೆ ಗುರುತೇ ಸಿಗಲಿಲ್ಲ. ಆಕಾಶ ತಿಳಿಯಾಗಿತ್ತು, ಕಲ್ಲು ಒಣಗಿತ್ತು, ಗಾಳಿ ಮಾತ್ರ ಹಾಗೆಯೇ ಇತ್ತು. ಮೊನ್ನೆ ನಾನು ಕೂತ ಬಂಡೆಯ ಬಳಿ ಬಂದಾಗ ಕಂಬಿ ಹಿಡಿದು ಮತ್ತೆ ನಿಂತುಬಿಟ್ಟೆ.

ಹಿಂದಿನಿಂದ ಜಯಮ್ಮ ಬಸ್ಸಿನಲ್ಲಿ ಕೂಗುವ ಹಾಗೆಯೇ ಕೂಗಿದಳು: "ಮುಂದ್ಕೋಗಿ, ಮುಂದ್ಕೋಗಿ! ಬಾಗ್ಲಾಗ್ ನಿಲ್‌ಬ್ಯಾಡಿ! ಒಳಗೆ ಜಾಗ ಐತೆ!"

ನನಗೆ ನಗು ಬಂತು. ನಗುತ್ತಲೇ ಎರಡು ಗುರುತು ಮೇಲೇರಿದೆ. ಅವಳು ಬಿಡದೆ ಕೂಗುತ್ತಿದ್ದಳು, ನಾನು ಕಂಬಿ ಬಿಡದೆ ಏರುತ್ತಿದ್ದೆ. ತುಸು ಹೊತ್ತಿನಲ್ಲಿ ಕೂಗು ನಿಂತಿತು. ತಿರುಗಿದರೆ ಜಯಮ್ಮ ಬಂಡೆಗೆ ಅಂಟಿಕೊಂಡು ಕಣ್ಣು ಮುಚ್ಚಿದ್ದಳು. ತುಟಿ ಬೆಳ್ಳಗಾಗಿತ್ತು. "ಅಕ್ಕ, ನನ್ ಕೈಲಾಗಕ್ಕಿಲ್ಲ. ನೀವೋಗಿ," ಎಂದಳು.

ಅವಳನ್ನು ಬಿಟ್ಟುಹೋಗುವ ಮಾತೇ ಇರಲಿಲ್ಲ. ಯಾವ ಕಡೆ ಕಣಿವೆ, ಯಾವ ಕಡೆ ಕಲ್ಲು ಎಂಬುದು ಮರೆತು ನಾನು ಕೆಳಗೆ ಬಂದೆ. ಅವಳ ಕೈ ಹಿಡಿದು ಕಂಬಿಯ ಮೇಲಿಟ್ಟೆ. "ಜಯಮ್ಮ, ಕಣ್ಣು ಬಿಡು. ನನ್ನ ಬೆನ್ನು ನೋಡು. ಇಲ್ಲಿ ಇಳಿಯೋ ಸ್ಟಾಪಿಲ್ಲ," ಎಂದೆ. ಅಷ್ಟು ಹೊತ್ತಿನಲ್ಲೂ ಅವಳು ಕಣ್ಣು ಬಿಟ್ಟು, "ರೈಟ್," ಎಂದಳು.

ಆಮೇಲಿನ ದಾರಿ ಎಷ್ಟು ಹೊತ್ತು ಹಿಡಿಯಿತೋ ನೋಡಲಿಲ್ಲ. ಕೂತೆವು, ನೀರು ಕುಡಿದೆವು, ತೆವಳಿದೆವು. ಕೊನೆಯ ಗೋಡೆಯ ಬಾಗಿಲು ದಾಟಿ ಆಚೆ ಬಂದಾಗ ಮುಂದೆ ಏರಲು ಏನೂ ಉಳಿದಿರಲಿಲ್ಲ. ಜಯಮ್ಮ ನೆಲದ ಮೇಲೆ ಮಲಗಿಬಿಟ್ಟಳು. ಮಲಗಿಕೊಂಡೇ ಗಂಡನಿಗೆ ಫೋನು ಮಾಡಿ, "ಎಲ್ಲಿದೀನಿ ಹೇಳು ನೋಡಾನ," ಎಂದು ಕೇಳಿ ಅಳತೊಡಗಿದಳು.

ಅಣ್ಣನ ಅನುಮಾನ ಸರಿಯಾಗಿತ್ತು. ಫೋಟೋ ನಂಬಿ ನಾವು ತುದಿಯನ್ನು ಗುಂಡಗೆ ಮಾಡಿ, ಪಾಳುಗುಡಿಯನ್ನು ನೆತ್ತಿಯ ಮೇಲೆ ಕೂರಿಸಿದ್ದೆವು. ನಿಜದಲ್ಲಿ ನೆತ್ತಿ ಅಗಲವಾಗಿದ್ದು ಒಂದು ಕಡೆಗೆ ವಾಲಿತ್ತು, ಗುಡಿ ಅಷ್ಟು ತುದಿಗಿರಲಿಲ್ಲ. ಗಾಳಿಗೆ ಹಾಳೆ ಹಾರದಂತೆ ಮೊಣಕೈ ಊರಿ ನಾಲ್ಕೂ ಕಡೆಯ ಚಿತ್ರ ಬರೆದುಕೊಂಡೆ. ಉತ್ತರಕ್ಕೆ ನಿನ್ನೆ ಹೋಗಿದ್ದ ಪಾವಗಡದ ರಸ್ತೆ ದಾರದ ಹಾಗೆ ಕಾಣುತ್ತಿತ್ತು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಜಯಮ್ಮ ಹುರಿದ ಕಡಲೆಕಾಯಿಯ ಪೊಟ್ಟಣ ಕೊಟ್ಟು ನನ್ನನ್ನು ಸಿರಾ ಬಸ್ಸು ಹತ್ತಿಸಿದಳು. ನಲವತ್ತು ಕಿಲೋಮೀಟರು, ಬಯಲು ದಾರಿ. ಸಿರಾದಲ್ಲಿ ಹಳೆಯ ಗೋರಿಯ ಗುಮ್ಮಟ ನೋಡಿ, ಪಕ್ಕದ ಬೀದಿಯ ದರ್ಜಿಯ ಹತ್ತಿರ ಹರಿದ ಚೂಡಿದಾರ್ ಹೊಲಿಸಿದೆ. "ಬೆಟ್ಟನಾ ಆಪಾ? ಮಧುಗಿರಿ ಬೆಟ್ಟ ಬಟ್ಟೆ ಬಿಡಲ್ಲ," ಎಂದು ಆತ ನಕ್ಕ. ಅಲ್ಲೇ ಕೂತು, ವಿಳಾಸ ಮಾತ್ರ ಬರೆದಿದ್ದ ಕಾರ್ಡಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು ಹಾಕಿದೆ.

ಮಂಗಳವಾರ ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಸಂಜೆ ಹಾಸನ ತಲುಪಿದೆ. ಸಿರಾದ ಕಾರ್ಡಿಗಿಂತ ಮೊದಲು ನಾನೇ ಬಂದಿದ್ದೆ. ಮಧುಗಿರಿಯದು ಅದೇ ಬೆಳಿಗ್ಗೆ ಬಂದು ಟಿ.ವಿ. ಮೇಲೆ ಕೂತಿತ್ತು.

"ಇದನ್ನ ಕೆಳಗೆ ಕೂತು ಬರೆದಿದೀಯ," ಎಂದ ಅಣ್ಣ, ನಾನು ಬಾಯಿ ತೆರೆಯುವ ಮೊದಲೇ. "ಹೆದರಿಕೆಯಾಗಲಿಲ್ಲ ಅಂತ ನೀನು ಬರೀತೀಯಾ?"

"ಆಮೇಲೆ ಹತ್ತಿದೆ. ಎರಡನೇ ಸಲ," ಎಂದು ಚಿತ್ರಗಳನ್ನು ಅವನ ಮುಂದಿಟ್ಟೆ. ಜಯಮ್ಮನ ಕಥೆಯನ್ನೂ ಹೇಳಿದೆ. ಅವನು ಕೇಳುತ್ತಲೇ ಒಂದೊಂದೇ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎದ್ದುಹೋಗಿ ಮಾಡೆಲಿನ ಮೇಲಿನ ಪಂಚೆ ಸರಿಸಿದ. ಗುಡಿಯನ್ನು ಎರಡು ಬೆರಳಲ್ಲಿ ಕಿತ್ತು ಪಕ್ಕಕ್ಕಿಟ್ಟು, ಅರ ತೆಗೆದುಕೊಂಡು ಬೆಟ್ಟದ ನೆತ್ತಿಯನ್ನು ಉಜ್ಜತೊಡಗಿದ. ಬಿಳೀ ಪುಡಿ ಮೇಜಿನಿಂದ ನೆಲಕ್ಕೆ ಸುರಿಯಿತು. ಅಡುಗೆಮನೆಯಿಂದ ಬಂದ ಅತ್ತಿಗೆ ಬಾಗಿಲಲ್ಲೇ ನಿಂತು ಅದನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಹಳೆಯ ಪೇಪರ್ ತಂದು ಅವನ ಕಾಲಡಿಗೆ ಹಾಸಿದರು.