ಲೆನ್ಸಿಗೆ ಅಡ್ಡ ಹಿಡಿದ ಫೈಲು

ನಾರ್ತ್‌ವಿಲ್ (ಡೆಟ್ರಾಯಿಟ್ ಬಳಿ), ಮಾರ್ಚ್ 2009

ಗುರುಶಾಂತಪ್ಪ ಅಂಕಲ್ ಮೇಲೆ ಇವತ್ತು ಬಂದ ಸಿಟ್ಟು ಬರೆದಾದರೂ ಇಳಿಯಲಿ.

ಅಂಕಲ್ ನಮ್ಮ ಬಡಾವಣೆಯ ಮೂಲೆಮನೆಯವರು, ಊರು ಗದಗ, ಈಗ ಒಂಟಿ. ಮೂವತ್ತೊಂದು ವರ್ಷ ಕಾರಿನ ಬಾಗಿಲುಗಳ ಡಿಸೈನ್ ಮಾಡಿದರು. ಜನವರಿಯಲ್ಲಿ ಕಂಪನಿ ಕೈಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು, ಸಾಮಾನು ತುಂಬಿಕೊಳ್ಳಿ ಎಂದಿತು. ಅಲ್ಲಿಂದೀಚೆಗೆ ಅವರು ಹೊರಗೆ ಬಂದದ್ದು ಹಿಮ ತೆಗೆಯಲು ಮಾತ್ರ.

1973ರಲ್ಲಿ ಓದಲು ಡೆಟ್ರಾಯಿಟಿಗೆ ಬಂದಾಗ ಅವರ ಬಾಡಿಗೆ ಕೋಣೆಯ ಹೀಟರ್ ಕೆಟ್ಟಿತ್ತಂತೆ. ಬೆಚ್ಚಗಿರಲು ಥಿಯೇಟರಿಗೆ ಹೋಗಿ, ಒಂದೇ ಟಿಕೆಟ್ಟಿನಲ್ಲಿ ಮೂರು ಆಟ ಕೂರುತ್ತಿದ್ದರು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ದಿಕ್ಕು ತೋಚದೆ ಮೂವತ್ತರ ಆಸುಪಾಸಿನ ಗಡ್ಡದ ಹುಡುಗರ ಕೈಗೆ ಕ್ಯಾಮೆರಾ ಕೊಟ್ಟಿದ್ದ ಕಾಲ ಅದು. ಆ ನಿರ್ದೇಶಕರು ಸೆಟ್ಟು ಬಿಟ್ಟು ಬೀದಿಗಿಳಿದರು, ನಾಯಕನನ್ನು ಸೋಲಿಸಿದರು, ಉತ್ತರ ಕೊಡದೆಯೇ ಚಿತ್ರ ಮುಗಿಸಿದರು. ಅಂಕಲ್ ಕೋಣೆಗೆ ಮರಳಿ ಒಂದೊಂದು ಶಾಟನ್ನೂ ಗ್ರಾಫ್ ಹಾಳೆಯ ಮೇಲೆ ಬರೆದಿಟ್ಟರು. ಆ ಹಾಳೆಗಳ ಫೈಲು ಈಗಲೂ ಅವರ ಬಳಿ ಇದೆ.

ಅದನ್ನು ನೋಡಿದ ಮೇಲೆ, ಆ ಕಾಲದ ಚಿತ್ರಗಳನ್ನು ಅಂಕಲ್ ನಿಮ್ಮ ಹಾಲಿನಲ್ಲಿ ತೋರಿಸಬಹುದೇ ಎಂದು ಲೈಬ್ರರಿಯವರನ್ನು ಕೇಳಿದವಳು ನಾನೇ. ಅಲ್ಲಿನ ಮೇಡಂ ಒಪ್ಪಿದರು: ಮೊದಲ ಪ್ರದರ್ಶನಕ್ಕೆ ಇಪ್ಪತ್ತು ಜನ ಕೊನೆಯವರೆಗೆ ಕೂತರೆ ಪ್ರತಿ ಶನಿವಾರ ಹಾಲ್ ಅಂಕಲ್‌ಗೆ. ಸುದ್ದಿ ಕೇಳಿದ್ದೇ ತಡ, ಅಂಕಲ್ ಎರಡು ತಿಂಗಳ ಗಡ್ಡ ಬೋಳಿಸಿಕೊಂಡು ಬಂದರು. ನಾನು ಕಂಕುಳಲ್ಲಿ ಮಗ ಆಶ್ರಿತ್‌ನನ್ನು ಇಟ್ಟುಕೊಂಡು ಮೂವತ್ತು ಕನ್ನಡ ಮನೆಗಳಿಗೆ ಫೋನ್ ಮಾಡಿದೆ. ದೊಡ್ಡವರಿಗೆ ಮಾತ್ರ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ.

ಬಂದರು. ಎರಡಕ್ಕೆ ಎಂದರೆ ಎರಡೂ ಮುಕ್ಕಾಲಿಗೆ, ಪುಳಿಯೋಗರೆ ಡಬ್ಬಿಗಳ ಸಮೇತ, ಮಕ್ಕಳ ಸಮೇತ.

"ಆಂಟಿ, ಮಕ್ಕಳು ಬೇಡ ಅಂದಿದ್ನಲ್ಲಾ? ನಾನೇ ಆಶ್ರಿತ್‌ನ ಅವರಪ್ಪನ ಹತ್ರ ಬಿಟ್ಟು ಬಂದಿದ್ದೀನಿ."

"ಎಲ್ಲಿ ಬಿಟ್ಟು ಬರಲಮ್ಮಾ ಮೊಮ್ಮಕ್ಕಳನ್ನ? ಎಲ್ರ ಕೆಲ್ಸಾನೂ ಹೋಗ್ತಿರೋವಾಗ ದುಡ್ಡು ಕೊಟ್ಟು ಬೇಬಿಸಿಟರ್ ಇಡೋ ಕಾಲಾನಾ ಇದು?" ಎಂದರು ಕನ್ನಡ ಕೂಟದ ಭಾನು ಆಂಟಿ. "ಗುರುಶಾಂತಪ್ಪನವರೇ, ಅಂಥಾ ಸೀನ್ ಬಂದ್ರೆ ಏನಾದ್ರೂ ಅಡ್ಡ ಹಿಡಿದ್ಬಿಡಿ, ಮುಗೀತು."

ಅಂಕಲ್ ತಲೆಯಾಡಿಸಿಯೇಬಿಟ್ಟರು! ಸರಿಯಾದ ಸಮಯಕ್ಕೆ ಬಂದು ಕಾಯುತ್ತಿದ್ದ ಎಂಟು ಅಮೆರಿಕನ್ನರಿಗೆ, ಕತ್ತರಿ ಹಾಕಬೇಡಿ ಎಂದು ಆ ನಿರ್ದೇಶಕರು ಸ್ಟುಡಿಯೋದವರ ಜೊತೆ ಹೇಗೆ ಜಗಳವಾಡಿದರೆಂದು ಅಷ್ಟು ಹೊತ್ತೂ ಭಾಷಣ ಮಾಡಿದವರು ಇದೇ ಅಂಕಲ್.

ಚಿತ್ರ ಶುರುವಾಯಿತು. ಮುತ್ತು ಕೊಟ್ಟರೆ ಪ್ರೊಜೆಕ್ಟರಿನ ಲೆನ್ಸಿಗೆ ಆ ಗ್ರಾಫ್ ಹಾಳೆಗಳ ಫೈಲು ಅಡ್ಡ. ಗುಂಡು ಹಾರಿದರೆ ಫೈಲು ಅಡ್ಡ. "ವಾಟ್ ಆರ್ ಯೂ ಹೈಡಿಂಗ್, ತಾತಾ?" ಎಂದು ಒಂದು ಮಗು ಕೂಗಿದರೆ ಉಳಿದವು ಕಿಸಕ್ಕನೆ ನಕ್ಕವು. ಐದನೆಯ ಸಲ ಫೈಲು ಮೇಲೆದ್ದಾಗ, ಪಕ್ಕದೂರು ಲಿವೋನಿಯಾದಿಂದ ಬಂದಿದ್ದ ಅಮೆರಿಕನ್ ಮುದುಕರೊಬ್ಬರು ಮುಂದಿನ ಸಾಲಿನಿಂದ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಅವರು ಜಗಳವಾಡಿ ಉಳಿಸಿಕೊಂಡದ್ದನ್ನು ನೀವೇ ಕತ್ತರಿಸ್ತಿದ್ದೀರಲ್ಲ ಸ್ವಾಮಿ."

ಅಂಕಲ್ ಮುಖ ಕೆಂಪಾಯಿತು. ಇನ್ನು ನಲವತ್ತೇ ನಿಮಿಷ, ಸುಮ್ಮನೆ ಹಿಡಿದುಕೊಳ್ಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಫೈಲನ್ನು ಕೆಳಗಿಟ್ಟು ಚಿತ್ರ ನಿಲ್ಲಿಸಿದರು.

"ಭಾನು ಅವ್ರ, ಹುಡುಗ್ರನ್ನ ಕರಕೊಂಡು ಹೊರಗ ಹೋಗ್ರಿ. ಇನ್ ಮ್ಯಾಲ ನಾ ಅಡ್ಡ ಹಿಡಿಯಂಗಿಲ್ಲ. ಮುಚ್ಚಿದ್ದನ್ನೂ ಮತ್ತ ತೋರಸ್ತೀನಿ."

"ನಿಮಗೋಸ್ಕರ ತಾನೇ ಬಂದಿದ್ದು ನಾವು? ಒಳ್ಳೇ ಮರ್ಯಾದೆ ಕಣ್ರೀ!"

ಡಬ್ಬಿಗಳ ಜೊತೆ ಕನ್ನಡ ಕೂಟವೂ ಎದ್ದು ಹೊರಟಿತು. ಉಳಿದವರು ಆ ಎಂಟು ಮಂದಿ, ಹೆಂಡತಿ ಮಕ್ಕಳನ್ನು ಕಳಿಸಿ ಕೂತ ಇಬ್ಬರು ಗಂಡಸರು ಮತ್ತು ನಾನು. ಕೊನೆಯಲ್ಲಿ ಮೇಡಂ ಬಂದು ತಲೆ ಎಣಿಸಿದರು. ಬೇಜಾರಿನಿಂದಲೇ ಆಗುವುದಿಲ್ಲ ಎಂದರು.

ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಇನ್ನು ನಲವತ್ತು ನಿಮಿಷ ಹಿಡ್ಕೊಂಡಿದ್ರೆ ಎಲ್ಲಾ ಶನಿವಾರಾನೂ ನಿಮ್ಮದಾಗ್ತಿತ್ತಲ್ಲ ಅಂಕಲ್!"

"ಆಗ್ತಿತ್ತವಾ," ಎಂದರು. "ಆದ್ರ ಹನ್ನೊಂದು ಮಂದಿ ಪೂರಾ ಸಿನಿಮಾ ನೋಡಿದ್ರು."

ನಾಳೆ ಭಾನು ಆಂಟಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕಾದವಳು ನಾನು. ಈ ಮನುಷ್ಯ ಮತ್ತೆ ಬಾಗಿಲು ಹಾಕಿಕೊಂಡು ಕೂರದಂತೆ ಇನ್ನೇನಾದರೂ ಹುಡುಕಬೇಕಾದವಳೂ ನಾನೇ. ಅವರಿಗೇನು, ಕಾರಿನಿಂದಿಳಿದು ಸಿಳ್ಳೆ ಹಾಕುತ್ತಾ ಒಳಗೆ ಹೋದರು.